ಕೊನೆಯ ಹೆಸರು ಬರುವವರೆಗೂ

ಹಳಿಯಾಳ, ದಾಂಡೇಲಿ, ಜೊಯಿಡಾ, ಮುಂಡಗೋಡ ಈ ನಾಲ್ಕು ತಾಲೂಕುಗಳಲ್ಲಿ ಕುಂಚ ಹಿಡಿದು ಹೊಟ್ಟೆ ಹೊರೆಯುವ ಯಾರನ್ನೇ ಕೇಳಿ, ಅಂಗಡಿಯ ಬೋರ್ಡು ಬರೆಯುವವರಿಂದ ಹಿಡಿದು ಪುಸ್ತಕಕ್ಕೆ ಮುಖಪುಟ ರಚಿಸುವವರವರೆಗೆ ಎಲ್ಲರ ಮಾತೂ ಸುತ್ತಿ ಬಳಸಿ ಬಂದು ನಿಲ್ಲುವುದು ಪ್ರೊ. ಶೇಖಪ್ಪ ಕೋಣನಕೇರಿ ಅವರ ಹೆಸರಿಗೇ. ಹಳಿಯಾಳದ ನಮ್ಮ ಚಿತ್ರಕಲೆ ಮತ್ತು ವಿನ್ಯಾಸ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ರೇಖಾಚಿತ್ರ ಕಲಿಸಿದ ಅವರು ಈ ಸೆಮಿಸ್ಟರಿನಲ್ಲಿ ನಿವೃತ್ತರಾಗುತ್ತಿದ್ದಾರೆ. ಅವರನ್ನು ಹೊಗಳುವುದು ಸುಲಭ. ಹೊಗಳಿಕೆಯನ್ನು ಅವರ ಕಿವಿಗೆ ಹಾಕುವುದು ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. ತಮ್ಮ ಊರ ಹೆಸರಿನಲ್ಲೇ ಕೋಣ ಇದೆಯೆಂದು ಅವರೇ ನಕ್ಕು ಹೇಳುವುದರಿಂದ ನಾವೂ ಧೈರ್ಯವಾಗಿ ಬರೆಯಬಹುದು.

ಮುಂಡಗೋಡ ಕಡೆಯ ಒಕ್ಕಲು ಮನೆಯಿಂದ ಬಂದ ಶೇಖಪ್ಪನವರು ಸೇವೆಗೆ ಸೇರಿದಾಗ ಕಾಲೇಜಿಗೆ ಇದ್ದದ್ದು ಹಳೆಯ ಕಟ್ಟಿಗೆ ಅಡ್ಡೆಯ ಒಂದು ಉದ್ದನೆಯ ಶೆಡ್ಡು. ಈಗಲೂ ನಮ್ಮ ಸಭಾಂಗಣ ಅದೇ. ಜುಲೈ ತಿಂಗಳಲ್ಲಿ ಅದರ ಗಾಜಿನ ಹೆಂಚುಗಳಿಂದ ಇಳಿಯುವ ಬೆಳಕು ನೀರಿನೊಳಗಿನ ಬೆಳಕಿನಂತೆ ಹಸಿರಾಗಿರುತ್ತದೆ. ಸಾಗವಾನಿಯ ಹಳೆಯ ವಾಸನೆ ಇನ್ನೂ ಗೋಡೆ ಬಿಟ್ಟಿಲ್ಲ. ಒಳಗೆ ಕೂತವರಿಗೆ ಗಂಟೆ ಎಷ್ಟಾಯಿತೆಂಬುದು ಮರೆತುಹೋಗುತ್ತದೆ.

ಆ ಬೆಳಕಿನಲ್ಲೇ ಅವರು ಸೆಮಿಸ್ಟರಿನ ಮೊದಲ ದಿನದ ಪದ್ಧತಿಯೊಂದನ್ನು ಬೆಳೆಸಿದರು. ಹಾಜರಿ ಪಟ್ಟಿಯ ಕೊನೆಯ ಹೆಸರಿನವರು ಬಂದು ಕೂರುವವರೆಗೂ ಸ್ವಾಗತ ಭಾಷಣವಿಲ್ಲ. ಕಾಡಿನ ಊರುಗಳಿಗೆ ಬಸ್ಸು ಅಪರೂಪ. ಮೊದಲ ದಿನವೇ ಬಾಗಿಲು ಮುಚ್ಚಿದ್ದನ್ನು ಕಂಡ ಹುಡುಗ ಎರಡನೆಯ ದಿನ ಬರುವುದಿಲ್ಲ ಎಂಬುದು ಅವರ ಅನುಭವ. ಪ್ರಾಂಶುಪಾಲರು ಗಡಿಯಾರ ತೋರಿಸಿದರೆ, "ಬಸ್ಸಿಗೆ ಹೇಳ್ರಿ ಸರ್, ನಮಗ್ಯಾಕ ಹೇಳ್ತೀರಿ?" ಎನ್ನುತ್ತಿದ್ದರು. ಕಾಯುವಾಗ ಕೈ ಸುಮ್ಮನಿರಬಾರದಲ್ಲ, ಅದಕ್ಕೆ ಬಂದು ಕೂತವರಿಗೆ ಇನ್ನೂ ಬಾರದವರ ಹೆಸರು, ಊರು ಓದಿ ಹೇಳಿ ಅವರ ಚಿತ್ರವನ್ನು ಊಹಿಸಿ ಬರೆಯಲು ಹೇಳುತ್ತಿದ್ದರು. ತಡವಾಗಿ ಬಂದವರು ಗೋಡೆಯ ತುಂಬ ತಮ್ಮನ್ನೇ ಕಂಡು ನಗುತ್ತಿದ್ದರು. ಎಷ್ಟೋ ಗೆಳೆತನಗಳು ಆ ನಗುವಿನಲ್ಲಿ ಶುರುವಾದವು.

ಇಲ್ಲಿಂದ ಮುಂದಿನದನ್ನು ಬರೆಯಬೇಡಿ ಎಂದರು ಶೇಖಪ್ಪನವರು. "ಅದು ನನ್ನ ತಪ್ಪಿನ ಕಥಿ, ಬಿಟ್ಟು ಬರೀರಿ." ಇಂದು ನಮ್ಮಲ್ಲೇ ಜವಳಿ ವಿನ್ಯಾಸ ಕಲಿಸುತ್ತಿರುವ ಕ್ರಿಸ್ತಿನಾ ಅವರನ್ನು ಕೇಳಿದೆವು. "ಅದನ್ನ ಬಿಟ್ರ ಸರ್ ಬಗ್ಗೆ ಬರಿಯೂದೇನೈತ್ರಿ?" ಎಂದರು. ಹಾಗಾಗಿ ಬರೆಯುತ್ತಿದ್ದೇವೆ.

ಹದಿನೇಳು ವರ್ಷದ ಹಿಂದೆ ಆ ಪಟ್ಟಿಯ ಕೊನೆಯ ಹೆಸರು ಕ್ರಿಸ್ತಿನಾ ಪಾವ್ಲು, ಊರು ಕುಂಬಾರವಾಡ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದು ಈ ಕಾಡಿನಲ್ಲಿ ನೆಲೆಸಿದ ಸಿದ್ದಿ ಸಮುದಾಯದ ಅವರ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಆಕೆಯೇ ಮೊದಲು. ಎರಡು ಬಸ್ಸು ಬದಲಿಸಿ ಬಂದು ಇಳಿದಾಗ ಮಧ್ಯಾಹ್ನ ಮೂರು ದಾಟಿತ್ತು. ತಂದೆ ಪಾವ್ಲು ಅಂಗಳದಲ್ಲೇ ಕೂತರು. ಮನಸ್ಸು ಒಪ್ಪಿದರೆ ಇರು, ಒಪ್ಪದಿದ್ದರೆ ಐದೂವರೆಯ ಬಸ್ಸಿಗೆ ಇಬ್ಬರೂ ಹಿಂತಿರುಗೋಣ ಎಂದು ದಾರಿಯಲ್ಲೇ ಮಾತಾಗಿತ್ತು. ಹೋದರೆ ಮತ್ತೆ ಬರುವುದಿಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು.

ಒಳಗೆ ಕಾಲಿಟ್ಟ ಕ್ರಿಸ್ತಿನಾಗೆ ಆ ಹಸಿರು ಬೆಳಕು ಕಾಡಿನೊಳಗಿನದೇ ಎನಿಸಿತಂತೆ. ಒಂದು ಕ್ಷಣ ಊರಿನಲ್ಲೇ ಇದ್ದೇನೆ ಅನ್ನಿಸಿತಂತೆ. ಆಮೇಲೆ ಗೋಡೆ ಕಂಡಿತು. ಮೂವತ್ತೊಂಬತ್ತು ಹಾಳೆಗಳ ಮೇಲೆ ಮೂವತ್ತೊಂಬತ್ತು ಮಂದಿ ಕ್ರಿಸ್ತಿನಾ. ಎಲ್ಲರೂ ಬೆಳ್ಳಗೆ, ನೀಳ ಮೂಗು, ಇಳಿಬಿಟ್ಟ ನುಣುಪು ಕೂದಲು, ಕೊರಳಲ್ಲಿ ಶಿಲುಬೆ, ಮೈಮೇಲೆ ಗೋವೆಯ ಫ್ರಾಕು. ಪಕ್ಕದ ಕೇರಿಯಲ್ಲೇ ಸಿದ್ದಿಯರನ್ನು ಕಂಡು ಬೆಳೆದ ಹಳಿಯಾಳ, ಮುಂಡಗೋಡದ ಮಕ್ಕಳೇ ಅವನ್ನು ಬರೆದಿದ್ದರು, ಇದನ್ನು ಬರೆಯುತ್ತಿರುವ ನಾವೂ ಅವರಲ್ಲಿದ್ದೆವು. ಒಬ್ಬರ ಪೆನ್ಸಿಲ್ಲೂ ಸಿದ್ದಿಯರ ಮುಖದ ಕಡೆ ಹೋಗಿರಲಿಲ್ಲ. ಕರಿಹಲಗೆಯ ಮೇಲೆ ಶೇಖಪ್ಪನವರು ತಾವೇ ಸೀಮೆಸುಣ್ಣದಲ್ಲಿ ಬರೆದದ್ದೂ ಅದೇ ಬಿಳಿಯ ಹುಡುಗಿ. ಸಿದ್ದಿ ಹುಡುಗರ ಜೊತೆ ಒಂದೇ ಬೆಂಚಿನಲ್ಲಿ ಕೂತು ಶಾಲೆ ಕಲಿತ ಮನುಷ್ಯ ಅವರು.

ಯಾರೂ ನಗಲಿಲ್ಲ. ಕ್ರಿಸ್ತಿನಾ ಬಾಗಿಲ ಕಡೆ ತಿರುಗಿದರು. ಮೇಷ್ಟ್ರ ಜಾಗದಲ್ಲಿ ನಾವಾಗಿದ್ದರೆ ಓಡಿಹೋಗಿ ತಡೆದು, ಸಮಾಧಾನದ ನಾಲ್ಕು ಮಾತು ಹೇಳಿ ಕೆಡಿಸುತ್ತಿದ್ದೆವು. ಶೇಖಪ್ಪನವರು ಮೊದಲು ಹಲಗೆ ಒರೆಸಿದರು.

"ತಪ್ಪಾತವ್ವಾ," ಎಂದರು. "ಹುಡುಗರದ್ದಲ್ಲ, ನಂದು. ನೋಡದ ಮಂದೀನ ಬರೀರಿ ಅಂತ ಕಲಿಸಿದವ ನಾನು."

ಒಬ್ಬ ಹುಡುಗ ಹಾಳೆ ತಿರುವಿ, ಈಗ ನೋಡಿ ಬರೆಯಲೇ ಎಂದು ಕೇಳಿದ. "ನನ್ನ ನೋಡಬ್ಯಾಡ್ರಿ," ಎಂದರು ಕ್ರಿಸ್ತಿನಾ. ಅವರು ಆ ಸಭಾಂಗಣದಲ್ಲಿ ಆಡಿದ ಮೊದಲ ಮಾತು ಅದು.

"ಬ್ಯಾಡ. ಯಾರೂ ನೋಡೂದಿಲ್ಲ," ಎಂದ ಶೇಖಪ್ಪನವರು ತಮ್ಮ ಪೆನ್ಸಿಲನ್ನೂ ಹಾಳೆಗಳ ಕಟ್ಟನ್ನೂ ಮೇಜಿನ ಮೇಲೆ ಇಟ್ಟರು. "ನೀ ನಮ್ಮನ್ನ ನೋಡು. ಹೆಂಗ ಕಾಣ್ತೀವಿ ಹಂಗ ಬರಿ. ಬ್ಯಾಡ ಅನ್ನಿಸಿದ್ರ ಅಪ್ಪನ ಕೂಡ ಹೋಗು, ಬಸ್ಸಿನತನಾ ನಾನ ಬಂದು ಕಳಿಸ್ತೇನಿ."

ಹೀಗೆಂದು ಅವರೂ ವಿದ್ಯಾರ್ಥಿಗಳ ನಡುವೆ ನೆಲದ ಮೇಲೆ ಕೂತುಬಿಟ್ಟರು. ಕ್ರಿಸ್ತಿನಾ ಬಾಗಿಲಿನಿಂದ ಹಿಂದಕ್ಕೆ ಬಂದು ಪೆನ್ಸಿಲ್ ಎತ್ತಿಕೊಂಡರು. ಆ ಮಧ್ಯಾಹ್ನವನ್ನು ನೆನೆದರೆ ಅಲ್ಲಿದ್ದ ನಮಗೆ ಇಂದಿಗೂ ಅರೆನಿದ್ರೆಯಲ್ಲಿದ್ದಂತೆ ಭಾಸವಾಗುತ್ತದೆ. ನಲವತ್ತು ಮಂದಿ ನೆಲದ ಮೇಲೆ ಕೂತಿದ್ದೇವೆ, ಒಬ್ಬ ಹುಡುಗಿ ಒಬ್ಬೊಬ್ಬರ ಮುಂದೆಯೂ ಮಂಡಿಯೂರಿ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಾಳೆ, ಪೆನ್ಸಿಲಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ, ಹೆಂಚಿನ ಬೆಳಕು ಹಸಿರಿನಿಂದ ಜೇನಿನ ಬಣ್ಣಕ್ಕೆ ತಿರುಗುತ್ತಿದೆ. ಐದೂವರೆಯ ಬಸ್ಸು ಹಾರ್ನ್ ಹೊಡೆದಾಗ ಆಕೆ ಇಪ್ಪತ್ತಾರನೆಯವರ ಕಿವಿ ಬರೆಯುತ್ತಿದ್ದರು, ತಲೆ ಎತ್ತಲಿಲ್ಲ. ಪಾವ್ಲು ಕಿಟಕಿಯಲ್ಲಿ ಇಣುಕಿ ಮಗಳನ್ನು ಕಂಡು, ಒಬ್ಬರೇ ಬಸ್ಸು ಹತ್ತಿದರು.

ಮರುವರ್ಷದಿಂದ ಪದ್ಧತಿ ಬದಲಾಯಿತು. ಕಾಯುವವರು ಬರೆಯುವುದಿಲ್ಲ, ತಡವಾಗಿ ಬಂದವರು ಕಾದವರನ್ನು ನೋಡಿ ಬರೆಯುತ್ತಾರೆ. ಶೇಖಪ್ಪನವರು ಆಮೇಲೆ ಎಷ್ಟೋ ಮಕ್ಕಳಿಗೆ ವಸತಿನಿಲಯದಲ್ಲಿ ಜಾಗ ಕೊಡಿಸಿದರು, ಎಷ್ಟೋ ಅರ್ಜಿಗಳನ್ನು ಹಿಡಿದು ಜೊಯಿಡಾ ಕಚೇರಿಗಳನ್ನು ಅಲೆದರು, ಸಾವಿರಾರು ಮುಖ ಬರೆದರು. ಕ್ರಿಸ್ತಿನಾ ವಿದ್ಯಾರ್ಥಿನಿಯಾಗಿ, ಬಳಿಕ ಸಹೋದ್ಯೋಗಿಯಾಗಿ ದಿನವೂ ಎದುರಿಗಿದ್ದರೂ, ಆ ಮುಖವನ್ನು ಮಾತ್ರ ಒಮ್ಮೆಯೂ ಬರೆಯಲಿಲ್ಲ. ಬೇಡವೆಂದವರನ್ನು ನೋಡಿ ಬರೆಯುವ ಹಕ್ಕು ತಮಗಿಲ್ಲ ಎಂದುಕೊಂಡಿದ್ದರು. ಅದು ಅವರ ಎದೆಯಲ್ಲಿ ಮುಳ್ಳಾಗಿ ಉಳಿದದ್ದು ನಮಗೆ ತಿಳಿಯದ್ದೇನಲ್ಲ.

ಈ ಜುಲೈನಲ್ಲಿ ಹೊಸ ಮಕ್ಕಳನ್ನು ಸ್ವಾಗತಿಸುವ ಮಾತನ್ನು ಕ್ರಿಸ್ತಿನಾ ಆಡಿದರು. ಸಭೆ ಮುಗಿದ ಮೇಲೆ ಶೇಖಪ್ಪನವರು ಹದಿನೇಳು ವರ್ಷದ ಪ್ರಶ್ನೆ ಕೇಳಿಯೇಬಿಟ್ಟರು.

"ಅವತ್ತ ಯಾಕ ಹೋಗಲಿಲ್ಲವ್ವಾ?"

"ತಪ್ಪು ನಂದು ಅಂತ ನನ್ನ ಮುಂದ ಅಲ್ಲೀತನಾ ಯಾರೂ ಅಂದಿದ್ದಿಲ್ಲರಿ ಸರ್," ಎಂದ ಕ್ರಿಸ್ತಿನಾ ಸ್ಟೂಲು ಎಳೆದುಕೊಂಡು ಅವರ ಎದುರು ಕೂತು, ಸೆರಗು ಸರಿಮಾಡಿಕೊಂಡು, ಮುಖ ಎತ್ತಿದರು. "ಈಗ ಬರೀರಿ."

ಆ ಚಿತ್ರ ಇನ್ನೂ ಮುಗಿದಿಲ್ಲ. ಕಣ್ಣು ಸರಿಯಾಗಿ ಬಂದಿಲ್ಲವೆಂದು ಶೇಖಪ್ಪನವರು ದಿನವೂ ಅಳಿಸಿ ಬರೆಯುತ್ತಿದ್ದಾರೆ, ಕ್ರಿಸ್ತಿನಾ ದಿನವೂ ಬಂದು ಕೂರುತ್ತಿದ್ದಾರೆ. ಅದು ಮುಗಿಯಲು ಬಹಳ ಬಹಳ ವರ್ಷ ಹಿಡಿಯಲಿ, ಅಷ್ಟೂ ವರ್ಷ ಅವರ ಕೈ ನಡುಗದಿರಲಿ ಎಂದು ಹಾರೈಸುತ್ತೇವೆ.