ಮೀನಿನ ಪೆಟ್ಟಿಗೆಯ ರೆಕ್ಕೆ

ತಲ್ಲೂರಿನ ನನ್ನ ಶೆಡ್ಡಿನಲ್ಲಿ ಒಬ್ಬರೇ ಕೂರುವ ವಿಮಾನ ಕಟ್ಟುತ್ತಿದ್ದೆ. ರೆಕ್ಕೆಯೊಳಗೆ ತುಂಬಲು ಒಳ್ಳೆಯ ಫೋಮ್ ತರಿಸುವ ಬದಲು, ಜಿಪುಣತನಕ್ಕೆ ಬಿದ್ದು, ಬಂದರಿನಲ್ಲಿ ಬಿಸಾಡಿದ ಮೀನಿನ ಥರ್ಮಾಕೋಲ್ ಪೆಟ್ಟಿಗೆಗಳನ್ನು ಕತ್ತರಿಸಿ ಅಂಟಿಸಿದೆ. ಎಷ್ಟು ತೊಳೆದರೂ ಬಂಗುಡೆಯ ನಾತ ಹೋಗಲಿಲ್ಲ. ಮೇಲೆ ಫೈಬರ್ ಬಟ್ಟೆ ಹಾಸಿ, ದೋಣಿಗೆ ಬಳಿಯುವ ರೆಸಿನ್ ಅಂಟನ್ನು ಬಳಿದೆ. ನೋಡುತ್ತಿದ್ದಂತೆಯೇ ಆ ರೆಸಿನ್ ತಾಗಿ ಒಳಗಿನ ಥರ್ಮಾಕೋಲ್ ಕರಗಿ, ರೆಕ್ಕೆ ಕೊಳೆತ ಹಲಸಿನ ಹಾಗೆ ಕುಸಿದು ಲೋಳೆಯಾಯಿತು.

ರೆಸಿನ್ ಕೊಟ್ಟಿದ್ದ ಹಂಗಾರಕಟ್ಟೆಯ ದೋಣಿ ಕಟ್ಟುವವರು ಬಂದು ನೋಡಿ ಮೂಗು ಮುಚ್ಚಿಕೊಂಡರು. “ಹ್ವಾಯ್, ಇದ್ ಮೀನ್ ತುಂಬುಕೆ ಇಪ್ಪುದ್. ನೀವ್ ಕೂಕಂಡ್ ಹಾರುಕಲ್ಲ,” ಎಂದರು.

ಕೈಗಂಟಿದ ಲೋಳೆಯನ್ನು ತಿಕ್ಕಿ ತೆಗೆಯುವಾಗ ನನಗೆ ನನ್ನ ಮೇಲೇ ಹೇಸಿಗೆ ಬಂತು. ರೆಕ್ಕೆ ಕರಗದೇ ಇದ್ದಿದ್ದರೆ ಅದನ್ನೇ ನಂಬಿ ನಾನು ಹಾರಿಯೇ ಬಿಡುತ್ತಿದ್ದೆ.