ಹಸಿದ ಗ್ರೀಕ

ಅರ್ಗಿರಿಸ್ ನಮ್ಮ ಮನೆಗೆ ಬಂದಾಗ ಕೈಯಲ್ಲೊಂದು ಚೀಲ, ಹೆಗಲ ಮೇಲೆ ದಾರ ಕಟ್ಟಿ ಇಳಿಬಿಟ್ಟ ಒಂದು ಜೊತೆ ಬೂಟು, ಇವೆರಡು ಬಿಟ್ಟರೆ ಬೇರೇನೂ ಇರಲಿಲ್ಲ. ವಯಸ್ಸು ಇಪ್ಪತ್ತು. ಒಲಿಂಪಸ್ ಬೆಟ್ಟದ ಆಚೆ ಬದಿಯ ಹುಡುಗ. ಅವನನ್ನು ಕರೆದುತಂದವನು ಪಾಂಡೆಲಿಸ್.

"ಅಕ್ಕಾ, ಚಿನ್ನದ ಕಾಲು ತಂದಿದ್ದೀನಿ. ಚೆನ್ನಾಗಿ ಬೇಯಿಸಿ ಹಾಕು," ಅಂದ ಬಾಗಿಲಲ್ಲೇ ನಿಂತು.

"ಏನನ್ನ ಬೇಯಿಸ್ಲಿ, ಕಾಲನ್ನಾ?" ಅಂದೆ ನಾನು.

ಹುಡುಗ ನಕ್ಕ. ಅವತ್ತಿನಿಂದ ನನ್ನ ಮೇಲಿನ ಕೋಣೆ ಅವನದಾಯಿತು, ನಾನು ಅವನಿಗೆ ದೊಡ್ಡಮ್ಮನಾದೆ.

ನಮ್ಮದು ಬೆಲ್ಜಿಯಮ್ಮಿನ ಗಣಿ ಕಾಲೋನಿ. ನನ್ನ ಗಂಡ ಮಿನಾಸ್ ಕಲ್ಲಿದ್ದಲು ಅಗೆಯಲು ಬಂದವನು, ಆ ಧೂಳನ್ನೇ ಎದೆಯಲ್ಲಿ ತುಂಬಿಕೊಂಡು ಹೋದ. ಬಂದ ಗ್ರೀಕರಲ್ಲಿ ಹೆಚ್ಚಿನವರು ನೆಲದಡಿಯಲ್ಲೇ ಹಗಲು ಕಳೆದವರು. ಇಲ್ಲಿನ ಫ್ಲೆಮಿಶ್ ಮಾತು ಯಾರಿಗೂ ಸರಿಯಾಗಿ ಹತ್ತಲಿಲ್ಲ. ಹತ್ತಿದ್ದು ಪಾಂಡೆಲಿಸ್ ಒಬ್ಬನಿಗೆ. ಅವನು ಗಣಿಗೆ ಇಳಿಯಲೇ ಇಲ್ಲ, ಕಾಫಿ ಅಂಗಡಿ ಇಟ್ಟ. ಆಸ್ಪತ್ರೆಗೆ ಹೋಗಬೇಕಾದರೆ ಪಾಂಡೆಲಿಸ್ ಬೇಕು, ಮಕ್ಕಳನ್ನು ಶಾಲೆಗೆ ಸೇರಿಸಲು ಪಾಂಡೆಲಿಸ್ ಬೇಕು, ಸತ್ತವರನ್ನು ಹೂಳುವುದಕ್ಕೂ ಪಾಂಡೆಲಿಸ್ ಬೇಕು. ನಮ್ಮೆಲ್ಲರ ನಾಲಿಗೆ ಅವನ ಬಾಯಲ್ಲಿತ್ತು. ಊರಿನ ಫುಟ್‌ಬಾಲ್ ಕ್ಲಬ್ಬಿಗೆ ಗ್ರೀಸಿನಿಂದ ಹುಡುಗರನ್ನು ತಂದುಕೊಡುವುದು, ಅವರು ಚೆನ್ನಾಗಿ ಆಡಿದರೆ ದೊಡ್ಡ ಕ್ಲಬ್ಬಿಗೆ ದಾಟಿಸಿ ನಡುವೆ ತನ್ನ ಪಾಲು ತೆಗೆದುಕೊಳ್ಳುವುದು ಅವನ ಇನ್ನೊಂದು ಕಸುಬು.

ಅರ್ಗಿರಿಸ್ ಮುಂದಿನ ಸಾಲಿನಲ್ಲಿ ಆಡುವವನು, ಗೋಲು ಹೊಡೆಯುವುದೇ ಅವನ ಕೆಲಸ. ಅವನು ಓಡುವುದನ್ನು ನೋಡಬೇಕಿತ್ತು. ನಾನು ಹೆಣಿಗೆ ಹಿಡಿದುಕೊಂಡು ಮೈದಾನಕ್ಕೆ ಹೋಗುತ್ತಿದ್ದೆ, ಅವನು ಚೆಂಡು ತೆಗೆದುಕೊಂಡ ಮೇಲೆ ಒಂದು ಎಳೆಯನ್ನೂ ಹೆಣೆಯಲು ಆಗುತ್ತಿರಲಿಲ್ಲ. ಎರಡನೆಯ ವರ್ಷ ಮಹಾನಗರದ ದೊಡ್ಡ ಕ್ಲಬ್ಬಿನವರು ಅವನನ್ನು ನೋಡಲು ಬರುತ್ತಾರೆಂಬ ಸುದ್ದಿ ಬಂತು. ಅದೇ ವಾರ ಅವನ ಎಡಮಂಡಿ ಬನ್ನಿನಂತೆ ಊದಿಕೊಂಡಿತು.

ಡಾಕ್ಟರ ಹತ್ತಿರ ಪಾಂಡೆಲಿಸ್ಸೇ ಕರೆದುಕೊಂಡು ಹೋದ. ಸಂಜೆ ಹುಡುಗ ಗೆಲುವಾಗಿ ಬಂದ.

"ಏನಂದ್ರೋ?"

"ಏನಿಲ್ವಂತೆ ದೊಡ್ಡಮ್ಮ. ನರ ಹಿಡ್ಕೊಂಡಿದೆ, ಓಡಿದ್ರೆ ತಾನೇ ಬಿಡುತ್ತಂತೆ."

"ಡಾಕ್ಟ್ರು ಅಷ್ಟೇ ಅಂದ್ರಾ? ಹೋದವರು ತುಂಬ ಹೊತ್ತು ಬರಲೇ ಇಲ್ವಲ್ಲ."

"ಅವರು ಬಹಳ ಮಾತಾಡಿದ್ರು. ಪಾಂಡೆಲಿಸ್ ಮಾಮ ಚಿಕ್ಕದಾಗಿ ಹೇಳಿದ."

ಭಾನುವಾರ ಆಡಿದ. ಮೊದಲ ಅರ್ಧದಲ್ಲಿ ಗೋಲನ್ನೂ ಹೊಡೆದ. ಕೋಟು ತೊಟ್ಟ ಮಹಾನಗರದವರು ಒಬ್ಬರ ಕಿವಿಯಲ್ಲೊಬ್ಬರು ಪಿಸುಗುಟ್ಟಿದ್ದನ್ನು ನಾನೇ ಕಂಡೆ. ಎರಡನೆಯ ಅರ್ಧದಲ್ಲಿ ಯಾರೂ ಮುಟ್ಟದೆ, ಯಾರೂ ತಳ್ಳದೆ, ಒಬ್ಬನೇ ತಿರುಗಲು ಹೋಗಿ ಬಿದ್ದ. ಹಸಿ ಕೊಂಬೆ ಸೀಳಿದ ಹಾಗೆ ಸದ್ದಾಯಿತೆಂದು ಹತ್ತಿರ ಇದ್ದವರು ಹೇಳಿದರು. ನನಗೆ ಕೇಳಿದ್ದು ಅವನ ಕೂಗು ಮಾತ್ರ. ಕೋಟಿನವರು ಆಟ ಮುಗಿಯುವ ಮೊದಲೇ ಎದ್ದು ಹೋದರು.

ಪಾಂಡೆಲಿಸ್ ಆಸ್ಪತ್ರೆಗೆ ಒಂದು ಸಲ ಬಂದ, ಕಿತ್ತಳೆ ಹಣ್ಣು ತಂದ, "ದೇವರ ಇಚ್ಛೆ ಕಣಪ್ಪಾ," ಅಂದ. ಮುಂದಿನ ಬೇಸಗೆಗೆ ಇನ್ನೊಬ್ಬ ಹುಡುಗನನ್ನು ಕರೆತಂದ. ಒಂದು ಕುರಿ ಕುಂಟಾದರೆ ಮಂದೆಯಲ್ಲಿ ಬೇರೆ ಇಲ್ಲವೆ!

ವರ್ಷಪೂರ್ತಿ ಅರ್ಗಿರಿಸ್ ನನ್ನ ಅಡುಗೆಮನೆಯ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದ. ನಾನು ಆಲಿವ್ ಎಣ್ಣೆ ಬಿಸಿಮಾಡಿ ತಿಕ್ಕುತ್ತಿದ್ದೆ, ಅವನು ಟಿವಿ ನೋಡುತ್ತ, ಹಾಲಿನವನ ಹತ್ತಿರ ಹರಟುತ್ತ ಫ್ಲೆಮಿಶ್ ಕಲಿತ. ಮತ್ತೆ ಮೈದಾನಕ್ಕೆ ಇಳಿದಾಗ ಹಳೆಯ ಓಟ ಇರಲಿಲ್ಲ. ಆದರೆ ಚೆಂಡು ಎಲ್ಲಿಗೆ ಬಂದು ಬೀಳುತ್ತದೋ ಅಲ್ಲಿ ಹೋಗಿ ನಿಲ್ಲುವುದನ್ನು ಕಲಿತಿದ್ದ. ಓಡುವವನು ಹೋಗಿ ಕಾಯುವವನು ಬಂದಿದ್ದ. ಕೆಳಗಿನ ಡಿವಿಷನ್ನಿನ ತಂಡಗಳಿಗೆ ಅಷ್ಟು ಸಾಕಾಗಿತ್ತು.

ಒಂದು ದಿನ ಸಂತೆಬೀದಿಯಲ್ಲಿ ಕರಿದ ಆಲೂಗಡ್ಡೆಯ ಗಾಡಿಯ ಮುಂದೆ ಆ ಡಾಕ್ಟರು ಸಿಕ್ಕರು. ನಾನು ಪಕ್ಕದಲ್ಲೇ ಇದ್ದೆ. ಮಾತು ನನಗೆ ಅರ್ಥವಾಗಲಿಲ್ಲ, ಅರ್ಗಿರಿಸನ ಮುಖ ಬೂದಿಯಾದದ್ದು ಕಾಣಿಸಿತು. ಮನೆಗೆ ಬಂದು ಹೇಳಿದ.

"ನನ್ನ ಬೈದ್ರು ದೊಡ್ಡಮ್ಮ. ಹಟಮಾರಿ ಅಂದ್ರು. 'ಒಂದೂವರೆ ತಿಂಗಳು ಕಾಲು ನೆಲಕ್ಕೆ ಊರಬೇಡ, ಊರಿದ್ರೆ ಮಂಡಿ ಹೋಗುತ್ತೆ ಅಂತ ಹೇಳಿದ್ದೆ, ನೀನು ಭಾನುವಾರವೇ ಆಡಿದೆ' ಅಂದ್ರು."

ಮರುದಿನ ಚರ್ಚಿನ ಪೂಜೆ ಮುಗಿಸಿ ಗಂಡಸರೆಲ್ಲ ಕಾಫಿ ಅಂಗಡಿಯಲ್ಲಿ ಇಸ್ಪೀಟು ಹಿಡಿದು ಕೂತಿದ್ದಾಗ ಅರ್ಗಿರಿಸ್ ಒಳಗೆ ಹೋದ. ಅವನೇನಾದರೂ ಚಾಕು ತೆಗೆದಾನೆಂದು ಹಿಂದೆಯೇ ನಾನೂ ಹೋದೆ. ಹೆಂಗಸರು ಕಾಲಿಡುವ ಜಾಗವಲ್ಲ ಅದು, ಆದರೆ ಅವತ್ತು ಯಾರೂ ನನ್ನನ್ನು ನೋಡಲಿಲ್ಲ.

"ಡಾಕ್ಟ್ರು ಏನಂದಿದ್ರು ಪಾಂಡೆಲಿಸ್ ಮಾಮ?"

ಪಾಂಡೆಲಿಸ್ ಲೋಟ ಒರೆಸುತ್ತಲೇ ಇದ್ದ. "ಯಾವ ಡಾಕ್ಟ್ರು?"

"ನನ್ನ ಮಂಡಿ ಡಾಕ್ಟ್ರು."

"ಅಯ್ಯೋ, ಅವರೇನೋ ಅಂದಿರ್ತಾರೆ. ಡಾಕ್ಟ್ರುಗಳು ಎಲ್ಲರಿಗೂ ಮಲಕ್ಕೋ ಅಂತಾನೇ ಹೇಳೋದು. ಆ ಕೋಟಿನವರು ಮತ್ತೆ ಬರ್ತಿದ್ರಾ? ನಿನಗೋಸ್ಕರ ಮಾಡ್ದೆ ಕಣೋ."

"ನಿನ್ನ ಪಾಲಿಗೋಸ್ಕರ ಮಾಡ್ದೆ."

"ಸರಿ, ಮಾಡ್ದೆ. ಈಗೇನು, ಹೊಡೀತೀಯಾ?"

ಅರ್ಗಿರಿಸ್ ಎಲ್ಲರ ಕಡೆ ತಿರುಗಿ, ಒಂದೊಂದೇ ಮಾತು ಇಟ್ಟಂತೆ ಹೇಳಿದ: "ಎಲ್ಲರೂ ಕೇಳಿಸ್ಕೊಳ್ಳಿ. ಇವನ ಕೋಲಿವಾ ನಾನು ತಿಂತೀನಿ."

ಇಸ್ಪೀಟು ಎಸೆಯುತ್ತಿದ್ದ ಕೈಗಳು ನಿಂತವು. ಕೋಲಿವಾ ಅಂದರೆ ಸತ್ತವರ ತಿಥಿಗೆ ಬೇಯಿಸುವ ಗೋಧಿ. ಬದುಕಿರುವವನ ಮುಖಕ್ಕೆ ಆ ಮಾತಾಡಿದರೆ, ನಿನ್ನನ್ನು ಮಣ್ಣಿಗೆ ಕಳಿಸಿ ನಾನು ಉಳಿಯುತ್ತೇನೆ ಎಂದು ಆಣೆಯಿಟ್ಟಂತೆ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಶಾಪವಿಲ್ಲ.

ಅಲ್ಲಿಂದಾಚೆಗೆ ಅವನು ಆಡಿದ್ದೆಲ್ಲ ಆ ಒಂದು ಮಾತಿಗೆ. ಪಾಂಡೆಲಿಸ್ ಅಷ್ಟರಲ್ಲಿ ಪಕ್ಕದ ಕಾಲೋನಿಯ ತಂಡಕ್ಕೆ ಯಜಮಾನನಾಗಿದ್ದ. ಅಂಗಡಿಯಿಂದ ತನ್ನದೇ ಕುರ್ಚಿ ಹೊರಿಸಿಕೊಂಡು ಬಂದು ಗೆರೆಯ ಪಕ್ಕ ಕೂರುತ್ತಿದ್ದ. ಅರ್ಗಿರಿಸ್ ಕ್ಲಬ್ಬನ್ನು ಆರಿಸುತ್ತಿದ್ದದ್ದು ಸಂಬಳ ನೋಡಿಯಲ್ಲ, ಆ ಕುರ್ಚಿ ನೋಡಿ. ಪಾಂಡೆಲಿಸನ ತಂಡ ಯಾವ ಡಿವಿಷನ್ನಿನಲ್ಲಿದೆಯೋ ಅದೇ ಡಿವಿಷನ್ನಿನ ಯಾವುದಾದರೊಂದು ತಂಡಕ್ಕೆ ಸೇರುವನು. ಅದು ಮೇಲೆ ಹೋದರೆ ಇವನೂ ಹೋಗುವನು, ಇಳಿದರೆ ಇವನೂ ಇಳಿಯುವನು. ವರ್ಷಕ್ಕೆ ಎರಡು ಸಲ ಎದುರಾಗುವುದು, ಗೋಲು ಹೊಡೆಯುವುದು, ಕುಂಟಿಕೊಂಡು ಆ ಕುರ್ಚಿಯ ಮುಂದೆ ಓಡಿಹೋಗಿ, ಎಡಗೈಯನ್ನು ಬೊಗಸೆ ಮಾಡಿ, ಬಲಗೈಯಿಂದ ಅದರೊಳಗಿನದನ್ನು ಬಾಯಿಗೆ ಹಾಕಿಕೊಂಡಂತೆ ತೋರಿಸುವುದು.

ಅದು ಕೋಲಿವಾ ಎಂದು ಗ್ರೀಕರಾದ ನಮಗೆ ಗೊತ್ತಿತ್ತು, ಮೈ ಜುಮ್ಮೆನ್ನುತ್ತಿತ್ತು. ಫ್ಲೆಮಿಶ್ ಜನ ಮಾತ್ರ ಪಾಪ, ಈ ಹುಡುಗನಿಗೆ ಹಸಿವು ಅಂದುಕೊಂಡರು. 'ಹಸಿದ ಗ್ರೀಕ' ಎಂದು ಹೆಸರಿಟ್ಟರು. ಅವನು ಗೋಲು ಹೊಡೆದರೆ ಕರಿದ ಆಲೂಗಡ್ಡೆಯ ಪೊಟ್ಟಣ ಹಿಡಿದು ಗೆರೆಯ ತನಕ ಓಡಿಬರುತ್ತಿದ್ದರು. ಒಂದು ಸಲ ಪಾಂಡೆಲಿಸನ ಟೊಪ್ಪಿಯ ಮೇಲೇ ಮಯೊನೇಸ್ ಬಿತ್ತು. ಆ ವಾರವೆಲ್ಲ ಅರ್ಗಿರಿಸ್ ಹಾಡಿಕೊಂಡಿದ್ದ.

ಇದಕ್ಕೆ ಅವನು ತೆತ್ತದ್ದೂ ಇದೆ. ಸಮುದ್ರದ ಕಡೆಯ ಒಳ್ಳೆಯ ಕ್ಲಬ್ಬೊಂದು ಮನೆ ಕೊಡುತ್ತೇವೆ, ಮೇಲಿನ ಡಿವಿಷನ್, ಬಾ ಎಂದು ಕರೆಯಿತು.

"ಹೋಗೋ, ಮಂಡಿಗೆ ಸಮುದ್ರದ ಗಾಳಿ ಒಳ್ಳೇದು," ಅಂದೆ.

"ಅಲ್ಲಿ ಪಾಂಡೆಲಿಸ್ ಇಲ್ವಲ್ಲ ದೊಡ್ಡಮ್ಮ."

"ಅವನೇನು ನಿನ್ನ ಹೆಂಡ್ತಿಯಾ, ಬಿಟ್ಟಿರೋಕಾಗ್ದೇ ಇರೋಕೆ?"

"ಹೆಂಡ್ತಿಯಾಗಿದ್ರೆ ಬಿಟ್ಟುಬಿಡಬಹುದಿತ್ತು."

ಹೆಂಡತಿಯೂ ಆಗಲಿಲ್ಲ. ಶಾಲೆಯಲ್ಲಿ ಪಾಠ ಹೇಳುವ ಒಳ್ಳೆಯ ಫ್ಲೆಮಿಶ್ ಹುಡುಗಿ ಎರಡು ಚಳಿಗಾಲ ನಮ್ಮ ಮನೆಗೆ ಬಂದುಹೋದಳು. ಊಟಕ್ಕೆ ಕೂತರೆ ಇವನದು ಪಾಂಡೆಲಿಸನದೇ ಮಾತು. ಕೊನೆಗೆ ಅವಳು ಕೈ ಒರೆಸಿಕೊಂಡು ಎದ್ದು, ನನ್ನ ಕೆನ್ನೆಗೆ ಮುತ್ತಿಟ್ಟು ಹೋದವಳು ಮತ್ತೆ ಬರಲಿಲ್ಲ.

ಅವನಿಗೆ ಮೂವತ್ತಾರಾದಾಗ ಮಂಡಿ ಇನ್ನು ತನ್ನಿಂದಾಗದು ಎಂದಿತು. ಅದು ಕೊನೆಯ ವರ್ಷ, ಕೊನೆಯ ಆಟ ಪಾಂಡೆಲಿಸನ ತಂಡದ ಮೈದಾನದಲ್ಲೇ. ಸೋತರೆ ಆ ತಂಡ ಕೆಳಗಿನ ಡಿವಿಷನ್ನಿಗೆ ಬೀಳುತ್ತದೆ. ಪಾಂಡೆಲಿಸ್ ಆಗಲೇ ಕಾಯಿಲೆಯಿಂದ ಒಣಗಿ, ಬೇಸಗೆಯಲ್ಲೂ ಕಂಬಳಿ ಹೊದ್ದು ಆ ಕುರ್ಚಿಯಲ್ಲಿ ಕೂತಿದ್ದ. ಆಟ ಇನ್ನೇನು ಮುಗಿಯಬೇಕು, ಚೆಂಡು ಕಂಬಕ್ಕೆ ಬಡಿದು ಎಲ್ಲಿಗೆ ಬಂದು ಬೀಳಬೇಕೋ ಅಲ್ಲಿ ಅರ್ಗಿರಿಸ್ ನಿಂತಿದ್ದ. ಸುಮ್ಮನೆ ಕಾಲು ಇಟ್ಟ. ಗೋಲು. ಆ ತಂಡ ಮುಳುಗಿತು.

ಕುಂಟಿಕೊಂಡು ಕುರ್ಚಿಯ ಮುಂದೆ ಹೋದ. ಬೊಗಸೆ ಹಿಡಿದ. ಬಾಯಿಗೆ ಹಾಕಿಕೊಂಡ. ಯಾವಾಗಲೂ ಮುಖ ತಿರುಗಿಸುತ್ತಿದ್ದ ಪಾಂಡೆಲಿಸ್ ಅವತ್ತು ನಕ್ಕುಬಿಟ್ಟ.

"ತಿನ್ನೋ, ತಿನ್ನು. ಇನ್ನು ಬಹಳ ದಿನ ಇಲ್ಲ. ಆದ್ರೆ ತಿಂದವನು ಏನು ಹೇಳ್ಬೇಕು? ನಿಮ್ಮಮ್ಮ ಕಲಿಸಿಲ್ವಾ?"

ಅರ್ಗಿರಿಸನ ಕೈ ಬಾಯ ಹತ್ತಿರವೇ ನಿಂತಿತು.

"ಇಡೀ ಊರಿನ ಮುಂದೆ ತಿಂತೀನಿ ಅಂದೆ. ಇಡೀ ಊರಿನ ಮುಂದೆ ಹೇಳ್ತೀಯ. ಅದೊಂದು ಮಾತಿಗೆ ನಾನು ಸಾಯೋಕೂ ತಯಾರು ಕಣೋ."

ಕೋಲಿವಾ ಬಾಯಿಗೆ ಹಾಕಿದವರು 'ದೇವರು ಅವನನ್ನು ಕ್ಷಮಿಸಲಿ' ಅನ್ನಲೇಬೇಕು. ಹಾಲು ಕುಡಿಯುವ ಮಗುವಿನ ಬಾಯಲ್ಲೂ ತಾಯಿ ಅದನ್ನು ಅನ್ನಿಸುತ್ತಾಳೆ. ಅನ್ನದೆ ನುಂಗಿದರೆ ಸತ್ತವನ ಪಾಪ ತಿಂದವನ ಹೊಟ್ಟೆಯಲ್ಲಿ ಉಳಿಯುತ್ತದೆ ಎನ್ನುತ್ತಾರೆ. ಈ ಮಾತು ಅರ್ಗಿರಿಸನಿಗೆ ಗೊತ್ತಿಲ್ಲದ್ದಲ್ಲ. ಆಣೆ ಇಡುವಾಗ ಕೋಪ ಇತ್ತು, ಇದು ನೆನಪಿರಲಿಲ್ಲ. ಇಷ್ಟು ವರ್ಷ ಬೊಗಸೆಯಿಂದ ಗಾಳಿ ತಿಂದಿದ್ದ, ಗಾಳಿಗೆ ಏನೂ ಹೇಳಬೇಕಾಗಿರಲಿಲ್ಲ.

ಎಲೆ ಉದುರುವ ಕಾಲಕ್ಕೆ ಪಾಂಡೆಲಿಸ್ ಸತ್ತ. ನಲವತ್ತನೆಯ ದಿನದ ಕೋಲಿವಾ ಬೇಯಿಸುವುದು ನನ್ನ ಪಾಲಿಗೇ ಬಂತು, ಕಾಲೋನಿಯ ಎಲ್ಲ ಸತ್ತವರಿಗೂ ನಾನೇ ಬೇಯಿಸುವವಳು. ಶನಿವಾರ ಗೋಧಿ ಬೇಯಿಸಿ ಬಿಳಿ ಬಟ್ಟೆಯ ಮೇಲೆ ಹರವಿ, ದಾಳಿಂಬೆ ಬಿಡಿಸುತ್ತ ಕೂತಿದ್ದೆ. ಅರ್ಗಿರಿಸ್ ಬಂದು ಬಾಗಿಲಿಗೆ ಒರಗಿ ನಿಂತ.

"ಉಪ್ಪು ಹಾಕು ದೊಡ್ಡಮ್ಮ. ಸಕ್ಕರೆ ಬೇಡ ಅವನಿಗೆ."

"ನಾಳೆ ತಿನ್ನೋರು ಬದುಕಿರೋರು ಕಣಪ್ಪಾ."

"ಹಾಗಾದ್ರೆ ನಾನು ಏನು ಮಾಡ್ಲಿ?"

"ಬರಬೇಡ. ಮನೇಲಿರು."

"ಬರದಿದ್ರೆ ಹೆದರಿದ ಅಂತಾರೆ. ಬಂದು ತಿನ್ನದಿದ್ರೆ ಆಣೆ ಮುರಿದ ಅಂತಾರೆ. ತಿಂದು ಹೇಳಿದ್ರೆ ಅವನು ಗೆದ್ದ. ಸತ್ತೂ ನನ್ನ ಕಾಲು ಹಿಡಿದು ಎಳೀತಿದ್ದಾನೆ ನೋಡು."

"ಒಂದ್ಸಲ ಅಂದುಬಿಡು. ಬಾಯಿ ಮಾತು ತಾನೇ."

"ನನ್ನ ಮಂಡಿ ಹೋಗಿದ್ದೂ ಬಾಯಿ ಮಾತಿನಿಂದಾನೇ ದೊಡ್ಡಮ್ಮ."

ನಾನು ದಾಳಿಂಬೆಗೆ ಕೈ ಹಾಕಿದೆ.

ಭಾನುವಾರ ಚರ್ಚಿನ ಬಾಗಿಲಲ್ಲಿ ಪಾಂಡೆಲಿಸನ ಹೆಂಡತಿ ಕಲ್ಲಿರೋಯಿ ಕಪ್ಪು ಬಟ್ಟೆ ತೊಟ್ಟು ನಿಂತು, ಕೋಲಿವಾದ ಪೊಟ್ಟಣ ಹಂಚುತ್ತಿದ್ದಳು. ಇಸಿದುಕೊಂಡವರೆಲ್ಲ ಚಿಟಿಕೆಯಷ್ಟು ಬಾಯಿಗೆ ಹಾಕಿ ಆ ಮಾತು ಹೇಳಿ ಪಕ್ಕಕ್ಕೆ ಸರಿದರು, ಯಾರೂ ಮನೆಗೆ ಹೋಗಲಿಲ್ಲ. ಅರ್ಗಿರಿಸನ ಸರದಿ ಬಂದಾಗ ಕೆಮ್ಮುವವರೂ ಕೆಮ್ಮು ತಡೆದುಕೊಂಡರು.

"ತಗೋ," ಅಂದಳು ಕಲ್ಲಿರೋಯಿ. "ಬಹಳ ವರ್ಷದಿಂದ ಹಸಿದಿದ್ದೀಯಲ್ಲ."

ಅವನು ಎರಡೂ ಕೈಯಲ್ಲಿ ತೆಗೆದುಕೊಂಡ. ಬಿಚ್ಚಿ ನೋಡಿದ. ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡು ನಡೆದ.

"ಇಲ್ಲೇ ತಿನ್ನೋ!" ಯಾರೋ ಕೂಗಿದರು. ಅವನು ತಿರುಗಲಿಲ್ಲ. ನಾನು ಹಿಂದೆ ಹೋದೆ, ನನ್ನ ಹಿಂದೆ ಇನ್ನು ಕೆಲವರು.

ಹೋದದ್ದು ಪಾಂಡೆಲಿಸನ ಮೈದಾನಕ್ಕೆ. ಗೆರೆಯ ಪಕ್ಕ ಆ ಕುರ್ಚಿ ಯಾರೂ ಒಯ್ಯದೆ ಇನ್ನೂ ಇತ್ತು, ಮಳೆಗೆ ನೆನೆದು. ಅರ್ಗಿರಿಸ್ ಕುರ್ಚಿಯ ಮೇಲೆ ಪೊಟ್ಟಣ ಬಿಚ್ಚಿ, ಗೋಧಿಯನ್ನೆಲ್ಲ ಸುರಿದು ಹಿಂದೆ ಸರಿದ. ನಮ್ಮ ಕಡೆಯ ಕಾಲೋನಿಗಳಲ್ಲಿ ಹಳೆಯ ಗಣಿಗಾರರೆಲ್ಲ ಹಾರಾಟದ ಪಂದ್ಯಕ್ಕೆಂದು ಪಾರಿವಾಳ ಸಾಕುತ್ತಾರೆ. ಒಂದು ಇಳಿಯಿತು, ಅದನ್ನು ನೋಡಿ ಮೂರು, ಆಮೇಲೆ ಕುರ್ಚಿಯೇ ಕಾಣಲಿಲ್ಲ. ಬೇಲಿಯಾಚೆ ಒಬ್ಬ ಫ್ಲೆಮಿಶ್ ಮುದುಕ ತನ್ನ ಹಕ್ಕಿಗಳಿಗೆ ಸಿಳ್ಳೆ ಹಾಕುತ್ತ, ಪಂದ್ಯ ಹಾಳಾಯಿತೆಂದು ಬೈಯುತ್ತಿದ್ದ.

"ಅವಕ್ಕೆ ಮಂಡಿ ಸರಿಯಾಗಿದೆ ದೊಡ್ಡಮ್ಮ," ಅಂದ ಅರ್ಗಿರಿಸ್. "ಬೇಕಾದ್ರೆ ಅವು ಕ್ಷಮಿಸಲಿ."

ಪಾರಿವಾಳಗಳು ದಾಳಿಂಬೆಯ ಕಾಳನ್ನೂ ಬಿಡದೆ ತಿಂದವು. ಒಂದೂ ಏನೂ ಹೇಳಲಿಲ್ಲ.

ಅವನು ಈಗಲೂ ನನ್ನ ಮೇಲಿನ ಕೋಣೆಯಲ್ಲೇ ಇದ್ದಾನೆ, ಬಸ್ಸು ಓಡಿಸುತ್ತಾನೆ. ಚರ್ಚಿನಲ್ಲಿ ಸತ್ತವರೆಲ್ಲರ ಹೆಸರು ಓದುವ ಶನಿವಾರ ಬಂದರೆ ಸಾಲಿನಲ್ಲಿ ನಿಂತು ಕಲ್ಲಿರೋಯಿಯ ಕೈಯಿಂದ ಪೊಟ್ಟಣ ಇಸಿದುಕೊಂಡು ಮೈದಾನಕ್ಕೆ ಹೋಗುತ್ತಾನೆ. ಇಷ್ಟು ವರ್ಷವಾದರೂ ಒಂದು ಸಲವೂ ತಪ್ಪಿಸಿಲ್ಲ. ಪಾರಿವಾಳಗಳಿಗೂ ಅವನ ನಡಿಗೆ ಗೊತ್ತಾಗಿದೆ. ಕುಂಟುವ ಹೆಜ್ಜೆಯ ಸದ್ದು ಬೇಲಿಯ ಹತ್ತಿರ ಕೇಳಿದರೆ ಸಾಕು, ಛಾವಣಿ ಬಿಟ್ಟು ಇಳಿಯುತ್ತವೆ.