ಸುತ್ತಿನಲ್ಲಿ ನನ್ನ ಸರದಿ

ನಮ್ಮ ಚರ್ಚಿನವರು ವರ್ಷಕ್ಕೊಮ್ಮೆ ಸೂರತ್ ದಾಟಿ ಒಂದು ಹಳ್ಳಿಗೆ ನಾಲ್ಕು ದಿನದ ಸೇವೆಗೆ ಹೋಗುತ್ತಾರೆ. ಅಲ್ಲಿಯೂ ನಮ್ಮವರದೇ ಒಂದು ಸಣ್ಣ ಚರ್ಚಿದೆ. ಹೆಂಚು ಸರಿಮಾಡುವುದು, ಸುಣ್ಣ ಬಳಿಯುವುದು, ಅಲ್ಲಿನವರ ಜೊತೆ ಪ್ರಾರ್ಥನೆಗೆ ಕೂರುವುದು, ಇಷ್ಟೇ ಕೆಲಸ. ಹುಡುಗರು ಅದನ್ನು ಮಿಷನ್ ಟ್ರಿಪ್ ಎನ್ನುತ್ತಾರೆ. ನಾನು ಒಂಬತ್ತು ವರ್ಷ ತಪ್ಪಿಸಿಕೊಂಡೆ. ಒಮ್ಮೆ ಮೊಣಕಾಲು, ಒಮ್ಮೆ ಸಕ್ಕರೆ ಕಾಯಿಲೆ, ಒಮ್ಮೆ ಊರಿಂದ ನೆಂಟರು ಬರುತ್ತಾರೆಂದು. ಎಲ್ಲ ನೆಪ.

ನಿಜವೇನೆಂದರೆ, ಅಲ್ಲಿ ಬೆಳಿಗ್ಗೆ ಎಲ್ಲರೂ ಸುತ್ತ ಕೂತು ಗುಜರಾತಿ ಬೈಬಲ್ಲನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಒಬ್ಬೊಬ್ಬರು ಒಂದೊಂದು ವಚನ ಗಟ್ಟಿಯಾಗಿ ಓದಬೇಕು. ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಕನ್ನಡವನ್ನೇ ಬೆರಳಿಟ್ಟು, ಕೂಡಿಸಿ ಓದುತ್ತೇನೆ. ಗಂಡನ ರೈಲ್ವೆ ನೌಕರಿಗೆಂದು ಧಾರವಾಡ ಬಿಟ್ಟು ಅಹಮದಾಬಾದಿನ ವಟ್ವಾಕ್ಕೆ ಬಂದು ಮೂವತ್ತು ವರ್ಷವಾಯಿತು. ಗುಜರಾತಿ ಮಾತು ಬಂತು, ಅಕ್ಷರ ಬರಲಿಲ್ಲ. ಭಾನುವಾರ ಪುಸ್ತಕ ತೆರೆದು ಹಿಡಿಯುತ್ತೇನೆ, ಹಾಡು ಬಾಯಿಪಾಠ. ಮನೆಯವರಿಗೂ ಗೊತ್ತಿರಲಿಲ್ಲ.

ಹೋದ ವರ್ಷ ಮೊಮ್ಮಗಳು ಹೊರಟಳು. ಅಜ್ಜಿ ಜೊತೆಗಿದ್ದರೆ ಮಾತ್ರ ಕಳಿಸುತ್ತೇನೆಂದು ಸೊಸೆ ಹಟ ಹಿಡಿದಳು.

“ಅಜ್ಜಿ, ಚಲ್ ನಾ! ನಿನ್ನ ಮೊಣಕಾಲು ಸಂತೆಗೆ ಹೋಗುವಾಗ ನೋಯಲ್ಲ, ಟ್ರಿಪ್ ಅಂದ್ರೆ ಮಾತ್ರ ನೋಯ್ತದ ಕ್ಯಾ?”

“ಬಾಯಿ ಭಾಳ ಬೆಳದೈತಿ ನಿಂದು,” ಎಂದೆ. ಹೋದೆ.

ಆ ಊರಿನ ಹೆಂಗಸರಿಗೆ ಪ್ರಾರ್ಥನೆಯಲ್ಲಿ ಆಸಕ್ತಿಯಿಲ್ಲ, ಗಂಡಸರೇ ಬಂದು ಕೂರುತ್ತಾರೆ ಎಂದು ಪಾಸ್ಟರ್ ರೈಲಿನಲ್ಲೇ ಬೇಸರಪಟ್ಟರು.

ಮೊದಲ ದಿನ ಬೆಳಿಗ್ಗೆ ನಾವು ಇಳಿದುಕೊಂಡಿದ್ದ ಮನೆಯ ಪಡಸಾಲೆಯಲ್ಲೇ ಸುತ್ತ ಕೂತೆವು. ಬೈಬಲ್ ನನ್ನ ಕೈಗೆ ಬಂತು. ಕನ್ನಡಕ ಮನೆಯಲ್ಲೇ ಉಳಿಯಿತು ಎಂದೆ.

“ಇಲ್ಲ ಅಜ್ಜಿ, ನಾನು ಬ್ಯಾಗಲ್ಲಿ ಇಟ್ಟೀನಿ!” ಮೊಮ್ಮಗಳು ಓಡಿಹೋಗಿ ತಂದುಕೊಟ್ಟಳು.

ಹಾಕಿಕೊಂಡೆ. ಅಕ್ಷರ ದೊಡ್ಡವಾಗಿ ಕಂಡವು, ಅಷ್ಟೇ. ಎಲ್ಲರೂ ಕಾಯುತ್ತಿದ್ದರು. ಕೊನೆಗೆ, “ನನಗೆ ಓದಲು ಬರುವುದಿಲ್ಲ. ಕನ್ನಡಕದ್ದು ಸುಳ್ಳು,” ಎಂದು ಗುಜರಾತಿಯಲ್ಲಿ ಹೇಳಿಬಿಟ್ಟೆ. ಮೊಮ್ಮಗಳು ನೆಲ ನೋಡಿದಳು.

ಆ ಮನೆಯಾಕೆ ಕೊಡ ಸೊಂಟಕ್ಕೇರಿಸಿ ಬಾಗಿಲು ದಾಟುತ್ತಿದ್ದವಳು ನಿಂತಳು.

“ಪೇಟೆಯವಳಿಗೂ ಬರೋದಿಲ್ವಾ?” ಎಂದು ನಕ್ಕಳು. “ನನಗೂ ಬರಲ್ಲ ಮಾಸಿ. ಇವರು ಪುಸ್ತಕ ತೆಗೆದ ಕೂಡಲೇ ನಾನು ನೀರಿಗೆ ಹೊರಡೋದು ಅದಕ್ಕೇ. ಮನೇಲಿ ನೀರು ತುಂಬಿಟ್ಟೇ ಇರುತ್ತೆ.”

ಕೊಡ ಇಳಿಸಿ ನನ್ನ ಪಕ್ಕ ಕೂತಳು.

ಮರುದಿನ ಆರು ಜನ ಹೆಂಗಸರು ಬಂದರು. ಪುಸ್ತಕ ದಾಟಿಸುವುದು ಬಿಟ್ಟು ಪಾಸ್ಟರ್ ತಾವೇ ಓದಿದರು. ನೂರು ಕುರಿಗಳಲ್ಲಿ ಕಳೆದುಹೋದ ಒಂದನ್ನು ಕುರುಬ ಹುಡುಕಿಕೊಂಡು ಹೋಗುವ ಕಥೆ.

“ಒಂದಕ್ಕಾಗಿ ತೊಂಬತ್ತೊಂಬತ್ತನ್ನ ಅಡವೀಲಿ ಬಿಟ್ಟು ಹೋದನಾ?” ಎಂದಳು ಮನೆಯಾಕೆ. “ಕುರಿ ಕಾಯೋಕೆ ಬರಲ್ಲ ಅವನಿಗೆ.”

ಅದರ ಮೇಲೆ ಊಟದ ಹೊತ್ತಿನವರೆಗೂ ಮಾತು ನಡೆಯಿತು. ಅಂಥ ಪ್ರಾರ್ಥನೆ ನಾನು ನೋಡಿರಲಿಲ್ಲ.

ವಾಪಸು ಬರುವಾಗ ರೈಲು ವಡೋದರಾ ಬಿಟ್ಟ ಮೇಲೆ ಮೊಮ್ಮಗಳು ನನ್ನ ಪಕ್ಕಕ್ಕೆ ಬಂದು ಕೂತಳು. “ನನಗಾದ್ರೂ ಯಾಕೆ ಹೇಳಲಿಲ್ಲ?” ಎಂದಳು.

“ನಾಚಿಕಿ ಬರ್ತಿತ್ತವಾ,” ಎಂದೆ.

ಈ ವರ್ಷ ನಾನೇ ಮೊದಲು ಹೆಸರು ಕೊಟ್ಟೆ. ಈ ಸಲ ಪಕ್ಕದ ಊರಿಗೂ ಹೋಗುವುದಿದೆ. ಎಲ್ಲಿ ಕೂತರೂ ಮೊದಲು ನನ್ನನ್ನೇ ಕೇಳಿ ಎಂದು ಪಾಸ್ಟರಿಗೆ ಹೇಳಿದ್ದೇನೆ. ಓದಲು ಬರುವುದಿಲ್ಲವೆಂದು ನಾನು ಹೇಳಿಬಿಟ್ಟರೆ ಹೆಂಗಸರು ಎದ್ದು ಹೋಗುವುದಿಲ್ಲ.